ಶ್ರಾವಣಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಗಳು

ನಾನು ರಾಯಚೂರು ಜಿಲ್ಲೆಯ ಮಾನ್ವಿ ತಾಲೂಕಿನ ಒಂದು ಹಳ್ಳಿಯಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಊರು. ನೀರು ಬಂದ ವರ್ಷ ಭತ್ತ, ಬಾರದ ವರ್ಷ ಗುಳೆ. ಬಿಪಿ, ಶುಗರ್, ಗರ್ಭಿಣಿಯರ ತಪಾಸಣೆ, ಟಿಬಿ ಮಾತ್ರೆ, ಮಕ್ಕಳ ಲಸಿಕೆ ನನ್ನ ದಿನನಿತ್ಯದ ಕೆಲಸ. ಕುಡಿತದ ತಪಾಸಣೆಯೂ ಇದರಲ್ಲೇ ಸೇರಿದೆ ಅಂದರೆ ಎಷ್ಟೋ ಜನ ನಂಬುವುದಿಲ್ಲ. "ಕುಡುಕರನ್ನ ಹುಡುಕೋಕೆ ತಪಾಸಣೆ ಯಾಕ್ರಿ ಮೇಡಂ, ಸಂಜಿಗೆ ಬಸ್ ಸ್ಟ್ಯಾಂಡ್ ಕಡೆ ಹೋಗ್ರಿ, ಎಲ್ಲಾರೂ ಸಿಗ್ತಾರ" ಅಂತ ಒಬ್ಬ ಹಿರಿಯರು ಹೇಳಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಬಿದ್ದವರು ಊರಿಗೆಲ್ಲ ಗೊತ್ತು. ನನಗೆ ಬೇಕಾಗಿರುವುದು ಇನ್ನೂ ಬಿದ್ದಿಲ್ಲದವರು, ಆದರೆ ವರ್ಷದಿಂದ ವರ್ಷಕ್ಕೆ ಸದ್ದಿಲ್ಲದೆ ಆ ಕಡೆ ಜಾರುತ್ತಿರುವವರು.

30 ವರ್ಷ ದಾಟಿದ ಪ್ರತಿಯೊಬ್ಬರಿಗೂ ಆಶಾ ಕಾರ್ಯಕರ್ತೆಯರು ಒಂದು ಫಾರಂ ತುಂಬುತ್ತಾರೆ. ಸಿಬ್ಯಾಕ್ ಅಂತ ಕರೆಯುತ್ತೇವೆ. ವಯಸ್ಸು, ತಂಬಾಕು, ಸೊಂಟದ ಸುತ್ತಳತೆ, ಮನೆಯಲ್ಲಿ ಯಾರಿಗಾದರೂ ಬಿಪಿ, ಶುಗರ್ ಇದೆಯಾ ಎಂಬ ಪ್ರಶ್ನೆಗಳಿಗೆ ಅಂಕ ಕೊಡಬೇಕು. ಕುಡಿತಕ್ಕೆ ಅಂಕ ಕೊಡುವ ಪ್ರಶ್ನೆ ಒಂದೇ. ದಿನಾ ಮದ್ಯ ಸೇವಿಸುತ್ತೀರಾ? ಹೌದು ಅಂದರೆ 1, ಇಲ್ಲ ಅಂದರೆ 0.

"ದಿನಾ ಇಲ್ರಿ." ಊರಿನ ಬಹುಪಾಲು ಗಂಡಸರ ಉತ್ತರ ಇದೇ. ಅದು ಸುಳ್ಳೂ ಅಲ್ಲ. ಶನಿವಾರ ಬಟವಾಡೆ ಆದಾಗ ಕುಡಿಯುತ್ತಾರೆ, ಸಂತೆ ದಿನ ಕುಡಿಯುತ್ತಾರೆ, ನಾಟಿ ಮುಗಿದಾಗ ಕುಡಿಯುತ್ತಾರೆ. ವಾರದಲ್ಲಿ ಐದು ರಾತ್ರಿ ಕುಡಿಯುವವನೂ "ದಿನಾ ಇಲ್ಲ" ಅಂತ ಧೈರ್ಯವಾಗಿ ಹೇಳಬಹುದು. ಫಾರಂನಲ್ಲಿ ಸೊನ್ನೆ ಬೀಳುತ್ತದೆ. ಫಾರಂ ಮಾಡಿದವರನ್ನು ನಾನು ದೂರುವುದಿಲ್ಲ. ಹತ್ತು ಕಾಯಿಲೆಗೆ ಒಂದೇ ಹಾಳೆ ಅಂದರೆ ಒಂದೊಂದಕ್ಕೂ ಒಂದೇ ಸಾಲು ಸಿಗುತ್ತದೆ. ಆದರೆ ಆ ಸೊನ್ನೆಯನ್ನೇ ನಂಬಿ ಕೂತರೆ ನಮ್ಮ ಊರಲ್ಲಿ ಕುಡಿತದ ತೊಂದರೆಯೇ ಇಲ್ಲ ಅಂತ ಬರೆದು ಕಳಿಸಬೇಕಾಗುತ್ತದೆ.

ತರಬೇತಿಯಲ್ಲಿ ನಮಗೆ ಆಡಿಟ್ ಎಂಬ ಪ್ರಶ್ನಾವಳಿ ಕಲಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 1980ರ ದಶಕದಲ್ಲಿ ಕೀನ್ಯಾ, ಮೆಕ್ಸಿಕೊ, ನಾರ್ವೆ ಸೇರಿ ಆರು ದೇಶಗಳಲ್ಲಿ ಪರೀಕ್ಷಿಸಿ ಸಿದ್ಧ ಮಾಡಿತು. ಹತ್ತು ಪ್ರಶ್ನೆ, ಒಟ್ಟು 40 ಅಂಕ. ಮೊದಲ ಮೂರು ಎಷ್ಟು ಸಲ, ಎಷ್ಟು ಪ್ರಮಾಣ ಅಂತ ಕೇಳುತ್ತವೆ. 4ರಿಂದ 6 ಚಟ ಹಿಡಿತಕ್ಕೆ ಸಿಕ್ಕಿದೆಯಾ ತಪ್ಪಿದೆಯಾ ಅಂತ ನೋಡುತ್ತವೆ. ಕೊನೆಯ ನಾಲ್ಕು ಆಗಿರುವ ಹಾನಿಯನ್ನು ಕೇಳುತ್ತವೆ. ಏಳರವರೆಗೆ ಬಂದರೆ ತಿಳಿವಳಿಕೆ ಕೊಟ್ಟು ಕಳಿಸುವುದು. 8ರಿಂದ 15 ಬಂದರೆ ಸರಳ ಸಲಹೆ. 16ರಿಂದ 19 ಬಂದರೆ ಸಲಹೆಯ ಜೊತೆ ಬಿಡದೆ ಹಿಂಬಾಲಿಸುವುದು. 20 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಜ್ಞ ವೈದ್ಯರ ಹತ್ತಿರ ಕಳಿಸುವುದು. ಹೆಂಗಸರಿಗೂ 65 ದಾಟಿದವರಿಗೂ 7ಕ್ಕೇ ಎಚ್ಚರ ವಹಿಸಬಹುದು ಅಂತ ಅದರ ಕೈಪಿಡಿಯೇ ಹೇಳುತ್ತದೆ.

ಹಳ್ಳಿಗೆ ಬಂದ ಮೇಲೆ ಮೊದಲು ಎದುರಾದದ್ದು ಅಳತೆಯ ಗೊಂದಲ. ಆ ಪ್ರಶ್ನೆಗಳು "ಒಂದು ಡ್ರಿಂಕ್" ಅನ್ನುವ ಲೆಕ್ಕದಲ್ಲಿವೆ. ಒಂದು ಡ್ರಿಂಕ್ ಅಂದರೆ 10 ಗ್ರಾಂ ಶುದ್ಧ ಆಲ್ಕೋಹಾಲ್. ನಮ್ಮ ಕಡೆ ಯಾರೂ ಡ್ರಿಂಕ್ ಲೆಕ್ಕದಲ್ಲಿ ಕುಡಿಯುವುದಿಲ್ಲ. ನೈಂಟಿ, ಕ್ವಾರ್ಟರ್, ಹಾಫ್. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಆ ಜಾಗಕ್ಕೆ ಬಂದದ್ದು ಅಗ್ಗದ ವಿಸ್ಕಿ, ರಮ್ಮಿನ ಪ್ಯಾಕೆಟ್ಟು. ಅದರ ಮೇಲೆ ಸಣ್ಣಕ್ಷರದಲ್ಲಿ 42.8 ಪರ್ಸೆಂಟ್ ಅಂತ ಇರುತ್ತದೆ. ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. 180 ಎಂಎಲ್ ಪ್ಯಾಕೆಟ್ಟಿನಲ್ಲಿ 77 ಎಂಎಲ್ ಆಲ್ಕೋಹಾಲ್ ಇದೆ. ತೂಕದಲ್ಲಿ ಸುಮಾರು 61 ಗ್ರಾಂ. ಅಂದರೆ ಒಂದು ಕ್ವಾರ್ಟರ್ ಆರು ಡ್ರಿಂಕ್‌ಗೆ ಸಮ!

ಈ ಆರು ಬಹಳ ಮುಖ್ಯ. ಆಡಿಟ್‌ನ ಮೂರನೇ ಪ್ರಶ್ನೆ ಕೇಳುವುದೇ "ಒಂದೇ ಸಲಕ್ಕೆ ಆರು ಅಥವಾ ಹೆಚ್ಚು ಡ್ರಿಂಕ್ ಎಷ್ಟು ಸಲ ತೆಗೆದುಕೊಳ್ಳುತ್ತೀರಿ" ಅಂತ. ಅತಿಯಾದ ಕುಡಿತ ಎಂದು ಅವರು ಗೆರೆ ಎಳೆದ ಜಾಗ ಅದು. ನಮ್ಮಲ್ಲಿ "ಒಂದೇ ಕ್ವಾರ್ಟರ್ ರೀ, ಅಷ್ಟೇ" ಅನ್ನುವ ಜಾಗವೂ ಅದೇ. ವಾರಕ್ಕೊಮ್ಮೆ, ಶನಿವಾರ ಮಾತ್ರ, ಒಂದೇ ಕ್ವಾರ್ಟರ್ ಕುಡಿಯುವವನ ಮೊದಲ ಮೂರು ಉತ್ತರ ಕೂಡಿಸಿದರೆ 7 ಅಂಕ ಆಗುತ್ತದೆ. ಅದೇ ಮನುಷ್ಯನಿಗೆ ಸಿಬ್ಯಾಕ್ ಫಾರಂನಲ್ಲಿ ಸೊನ್ನೆ. ಈ ಲೆಕ್ಕ ಗೊತ್ತಾದ ಮೇಲೆ ನಾನು ಡ್ರಿಂಕ್ ಅನ್ನುವ ಮಾತನ್ನೇ ಬಿಟ್ಟೆ. "ಯಾವ ಪ್ಯಾಕೆಟ್ಟು, ಎಷ್ಟು, ಒಬ್ಬರೇನಾ, ಹಂಚಿಕೊಂಡಾ?" ಅಂತ ಕೇಳಿ ಆಮೇಲೆ ನಾನೇ ಲೆಕ್ಕ ಹಾಕುತ್ತೇನೆ.

ಎಲ್ಲಿ ಕೇಳಬೇಕು ಅನ್ನುವುದೂ ಅಷ್ಟೇ ಮುಖ್ಯ. ಮನೆಯಲ್ಲಿ ಕೇಳಿದರೆ ಹೆಂಡತಿ ಉತ್ತರ ಕೊಡುತ್ತಾಳೆ, ಅವನು ಎದ್ದು ಹೋಗುತ್ತಾನೆ. ಆಶಾ ಕಾರ್ಯಕರ್ತೆ ಜೊತೆಗಿದ್ದರೆ ಇನ್ನೂ ಕಷ್ಟ. ಅವಳು ಊರಿನ ಸೊಸೆ, ಯಾರಿಗಾದರೂ ಅತ್ತಿಗೆ, ಯಾರಿಗಾದರೂ ಚಿಕ್ಕಮ್ಮ. ನನಗೆ ಹೊಂದಿದ ಜಾಗ ಬಿಪಿ ನೋಡುವ ಟೇಬಲ್. ತೋಳಿಗೆ ಪಟ್ಟಿ ಕಟ್ಟಿದಾಗ ಮನುಷ್ಯ ಕೂತಿರಲೇಬೇಕು, ಮತ್ತೆ ಆರೋಗ್ಯದ ಮಾತು ಅಲ್ಲಿ ಸಹಜ. ಬಿಪಿ ಮಾತ್ರೆ ತಪ್ಪದೆ ನುಂಗಿದರೂ ಇಳಿಯದವರು, ಎದೆಯುರಿ ಅಂತ ಪದೇ ಪದೇ ಗ್ಯಾಸ್ ಮಾತ್ರೆ ಕೇಳುವವರು, ನಡುರಾತ್ರಿ ಎಚ್ಚರ ಆಗುತ್ತದೆ ಅನ್ನುವವರು, ಬೈಕಿಂದ ಬಿದ್ದು ಹೊಲಿಗೆ ಹಾಕಿಸಿಕೊಂಡವರು. ಇವರಲ್ಲಿ ಯಾರೂ ಕುಡಿತದ ಮಾತು ತೆಗೆದು ಬರುವುದಿಲ್ಲ. ನಾನು ಮೊದಲು ನಿದ್ದೆ ಕೇಳುತ್ತೇನೆ, ಊಟ ಕೇಳುತ್ತೇನೆ. ಆಮೇಲೆ "ನಾನು ಎಲ್ಲರಿಗೂ ಈ ಹತ್ತು ಪ್ರಶ್ನೆ ಕೇಳ್ತೀನಿ, ನಿಮಗೂ ಕೇಳ್ತೀನಿ" ಅನ್ನುತ್ತೇನೆ. ಅದು ನಿಜವೂ ಹೌದು. ಗುರುಗಳಿಗೂ ಕೇಳಿದ್ದೇನೆ, ಪಂಚಾಯ್ತಿ ಸದಸ್ಯರಿಗೂ ಕೇಳಿದ್ದೇನೆ. ಎಲ್ಲರಿಗೂ ಕೇಳಿದಾಗ ಯಾರಿಗೂ ಅವಮಾನ ಅನಿಸುವುದಿಲ್ಲ.

ಇಬ್ಬರ ಕಥೆ ಹೇಳಬೇಕು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಒಬ್ಬರು ಊರಿಗೆಲ್ಲ ಕುಡುಕ ಅಂತ ಹೆಸರಾದವರು. ಮದುವೆ, ಜಾತ್ರೆ ಅಂದರೆ ಅವರ ಗಲಾಟೆ ಇದ್ದೇ ಇರುತ್ತದೆ. ರಸ್ತೆ ಮಧ್ಯೆ ಕುಣಿದದ್ದನ್ನು ಹುಡುಗರು ಮೊಬೈಲಲ್ಲಿ ಹಿಡಿದು ಹಂಚಿದ್ದಾರೆ. ಅವರ ಅಂಕ 10. ತಿಂಗಳಿಗೆ ಒಮ್ಮೆ ಕುಡಿಯುತ್ತಾರೆ, ಕುಡಿದ ದಿನ ಮಿತಿ ಇಲ್ಲ. ಅಣ್ಣ ಬೈದಿದ್ದಾನೆ, ಅದಕ್ಕೆ 4 ಅಂಕ. ಆದರೆ 4, 5, 6ನೇ ಪ್ರಶ್ನೆಗಳಿಗೆ ಮೂರಕ್ಕೂ ಸೊನ್ನೆ.

ಇನ್ನೊಬ್ಬರು ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವವರು, 34ರ ಆಸುಪಾಸು. ಅವರು ತೂರಾಡಿದ್ದನ್ನು ಊರಲ್ಲಿ ಯಾರೂ ನೋಡಿಲ್ಲ. ದುಡಿದು ಮನೆ ಕಟ್ಟಿಸಿದ್ದಾರೆ, ಮಕ್ಕಳನ್ನು ಓದಿಸುತ್ತಿದ್ದಾರೆ. ಬಿಪಿ ಜಾಸ್ತಿ ಅಂತ ಬಂದಿದ್ದರು. "ನನಗ ಏರೋದೇ ಇಲ್ರಿ ಮೇಡಂ. ಎಷ್ಟ್ ಕುಡದ್ರೂ ನೆಟ್ಟಗ ಮನಿಗೆ ಹೋಗ್ತೀನಿ" ಅಂತ ಹೆಮ್ಮೆಯಿಂದ ಹೇಳಿದರು. ನನಗೆ ಅಲ್ಲೇ ಕಿವಿ ನೆಟ್ಟಗಾಯಿತು. ಮೊದಲು ನೈಂಟಿಗೆ ಸಿಗುತ್ತಿದ್ದದ್ದು ಈಗ ಒಂದೂವರೆ ಕ್ವಾರ್ಟರಿಗೆ ಸಿಗುತ್ತಿದೆ. ಅಂದರೆ ಒಂಬತ್ತು ಡ್ರಿಂಕ್. ಏರದೆ ಇರುವುದು ಗಟ್ಟಿತನ ಅಂತ ನಮ್ಮಲ್ಲಿ ಹೊಗಳುತ್ತಾರೆ. ಮಿದುಳು ಮದ್ಯಕ್ಕೆ ಹೊಂದಿಕೊಂಡುಬಿಟ್ಟಿದೆ ಅನ್ನುವುದರ ಗುರುತು ಅದು. ಶುರು ಮಾಡಿದರೆ ನಿಲ್ಲಿಸಲು ಆಗುತ್ತದಾ ಅಂದೆ. "ವಾರದಾಗ ಒಂದೆರಡ್ ಸಲ ಆಗಂಗಿಲ್ಲ." ಮುಂಜಾನೆ ಎದ್ದ ತಕ್ಷಣ ತೆಗೆದುಕೊಂಡದ್ದು ಉಂಟಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಯಾವಾಗರ ಒಮ್ಮೆ. ಕೈ ಸುಮ್ನ ಇರಂಗಿಲ್ಲಲ್ರಿ, ಚೀಲ ಎತ್ತಾಕ ಆಗಂಗಿಲ್ಲ." ಹೆಂಡತಿ ಕಡಿಮೆ ಮಾಡು ಅಂತ ಹೇಳುತ್ತಲೇ ಇದ್ದಾಳೆ. ಒಟ್ಟು 19.

ಊರಿನ ಕಣ್ಣಿಗೆ ಮೊದಲನೆಯವರು ಕುಡುಕ, ಎರಡನೆಯವರು ಸಂಭಾವಿತ. ನನ್ನ ರಿಜಿಸ್ಟರಿನಲ್ಲಿ ಎರಡನೆಯವರ ಹೆಸರಿಗೆ ಕೆಂಪು ಗೆರೆ. ಒಟ್ಟು ಅಂಕ ಕಡಿಮೆ ಇದ್ದರೂ 4ರಿಂದ 6ನೇ ಪ್ರಶ್ನೆಗಳಲ್ಲಿ ಸೊನ್ನೆಗಿಂತ ಜಾಸ್ತಿ ಬಂದರೆ ಅವಲಂಬನೆ ಶುರುವಾಗಿದೆ ಅಥವಾ ಶುರುವಾಗುತ್ತಿದೆ ಅಂತ ತಿಳಿಯಬೇಕು. ಇಡೀ ಪ್ರಶ್ನಾವಳಿಯಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದು ಅನಿಸಿದ ಭಾಗ ಈ ಮೂರು ಪ್ರಶ್ನೆಗಳೇ.

ಹೆಂಗಸರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 2019ರಲ್ಲಿ ಪ್ರಕಟವಾದ ಏಮ್ಸ್‌ನ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಗಂಡಸರಲ್ಲಿ ನೂರಕ್ಕೆ 27, ಹೆಂಗಸರಲ್ಲಿ ನೂರಕ್ಕೆ ಇಬ್ಬರಿಗಿಂತ ಕಡಿಮೆ ಕುಡಿಯುತ್ತಾರೆ. ಅದಕ್ಕೇ ಹೆಂಗಸರಿಗೆ ಈ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ. ಇಡೀ ದಿನ ಕೆಸರಲ್ಲಿ ಬಗ್ಗಿ ನಾಟಿ ಹಚ್ಚಿದ ಮೇಲೆ ಸೊಂಟ ನೋವಿಗೆ ಸ್ವಲ್ಪ ತೆಗೆದುಕೊಳ್ಳುವ ವಯಸ್ಸಾದ ಹೆಂಗಸರು ನಮ್ಮಲ್ಲೂ ಇದ್ದಾರೆ. ಹೆಣ್ಣಿನ ದೇಹಕ್ಕೆ ಕಡಿಮೆ ಪ್ರಮಾಣವೂ ಜಾಸ್ತಿ ಪೆಟ್ಟು ಕೊಡುತ್ತದೆ. ಬಾಗಿಲು ಹಾಕಿ ಮೆಲ್ಲಗೆ ಕೇಳಿದಾಗ ಹೇಳಿದರು. ಅವರು ಹೇಳಿದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಈ ಸೀಮೆಯಲ್ಲಿ ಇನ್ನೊಂದು ತೊಡಕಿದೆ, ಶೇಂದಿ ಅಂದರೆ ಹೆಂಡ. ರಾಯಚೂರು ಭಾಗದಲ್ಲಿ ಕದ್ದು ಮಾರುವ ಕೈ ಹೆಂಡಕ್ಕೆ ಸಿಎಚ್ ಪೌಡರ್ ಬೆರೆಸುತ್ತಾರೆ. ಕ್ಲೋರಲ್ ಹೈಡ್ರೇಟ್ ಎಂಬ ಮತ್ತು ಬರಿಸುವ ರಾಸಾಯನಿಕ ಅದು. ಅದಕ್ಕೆ ಡ್ರಿಂಕ್ ಲೆಕ್ಕ ನಡೆಯುವುದಿಲ್ಲ. ಅಂಕ ಕಡಿಮೆ ಬಂದರೂ ಒಂದು ದಿನ ಸಿಗದಿದ್ದರೆ ಚಡಪಡಿಸುತ್ತಾರೆ, ಫಿಟ್ಸ್ ಕೂಡ ಬರಬಹುದು. ಶೇಂದಿ ಕುಡಿಯುತ್ತೇನೆ ಅಂದವರಿಗೆ ನಾನು ಅಂಕ ನೋಡುವುದಿಲ್ಲ. "ಸಿಗದ ದಿನ ಏನಾಗುತ್ತದೆ?" ಅಂತ ಮಾತ್ರ ಕೇಳುತ್ತೇನೆ.

ಶ್ರಾವಣದ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಶ್ರಾವಣ ಅಂದರೆ ಎಷ್ಟೋ ಗಂಡಸರು ಕುಡಿತ, ಬಾಡೂಟ ಎರಡನ್ನೂ ಬಿಡುತ್ತಾರೆ. ಮನೆಯವರು ವರ್ಷವಿಡೀ ಕಾಯುವ ತಿಂಗಳು ಅದು. ನಾನು ಇಲ್ಲಿಗೆ ಬಂದ ಮೊದಲ ಶ್ರಾವಣದಲ್ಲಿ, ಐವತ್ತು ದಾಟಿದ ರೈತರೊಬ್ಬರು ಭಕ್ತಿಯಿಂದ ಒಂದೇ ಏಟಿಗೆ ನಿಲ್ಲಿಸಿದರು. ಮರುದಿನ ಬೆಳಗ್ಗೆಗೆ ಕೈ ನಡುಗಲು ಶುರುವಾಯಿತು, ಮೈಯೆಲ್ಲ ಬೆವರು. ಎರಡನೇ ರಾತ್ರಿ ಫಿಟ್ಸ್ ಬಂತು. ಆಮೇಲೆ ಗೋಡೆ ಮೇಲೆ ಇರುವೆ ಹರಿಯುತ್ತಿವೆ ಅಂತ ಬಡಿಯತೊಡಗಿದರು. ಮನೆಯವರು ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಲು ಹೊರಟಿದ್ದರು. ಸೊಸೆ ಓಡಿ ಬಂದು ಹೇಳಿದಳು. 108 ಕರೆಸಿ ರಾಯಚೂರಿಗೆ ಕಳಿಸಿದೆವು. ಬದುಕಿದರು.

ಆಗಿದ್ದು ಇಷ್ಟು. ವರ್ಷಗಟ್ಟಲೆ ಮದ್ಯ ಮಿದುಳನ್ನು ಒತ್ತಿ ಹಿಡಿದಿರುತ್ತದೆ. ಅದಕ್ಕೆ ಎದುರಾಗಿ ಮಿದುಳು ತನ್ನ ಚಟುವಟಿಕೆ ಏರಿಸಿಕೊಂಡಿರುತ್ತದೆ. ಒತ್ತುತ್ತಿದ್ದ ಕೈ ಒಮ್ಮೆಲೇ ತೆಗೆದರೆ ಸ್ಪ್ರಿಂಗ್ ಹಾರಿದ ಹಾಗೆ. ಕೆಲವೇ ಗಂಟೆಗಳಲ್ಲಿ ನಡುಕ, ಬಹುತೇಕ ಎರಡು ದಿನದೊಳಗೆ ಫಿಟ್ಸ್, ಎರಡು ಮೂರು ದಿನಕ್ಕೆ ಭ್ರಮೆ. ಚಿಕಿತ್ಸೆ ಇಲ್ಲದಿದ್ದರೆ ಪ್ರಾಣಕ್ಕೇ ಅಪಾಯ. ಆಸ್ಪತ್ರೆಯಲ್ಲಿ ಡಯಾಜೆಪಾಮ್ ಥರದ ಔಷಧ ಕೊಟ್ಟು ದಿನದಿನಕ್ಕೆ ಇಳಿಸುತ್ತಾರೆ, ಥಯಾಮಿನ್ ಅಂದರೆ ಬಿ1 ವಿಟಮಿನ್ ಕೊಡುತ್ತಾರೆ. ಒಮ್ಮೆ ಹೀಗಾದವರಿಗೆ ಮುಂದಿನ ಸಲ ಬಿಟ್ಟಾಗ ಇನ್ನೂ ಜೋರಾಗಿ ಬರುವ ಸಾಧ್ಯತೆ ಜಾಸ್ತಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಕುಡಿತ ಬಿಡುವುದು ಒಳ್ಳೆಯದು ಅಂತ ಊರೆಲ್ಲ ಹೇಳುತ್ತದೆ. ಕೆಲವರು ವೈದ್ಯರ ಕಣ್ಣೆದುರೇ ಬಿಡಬೇಕು ಅಂತ ಯಾರೂ ಹೇಳುವುದಿಲ್ಲ.

ಆ ಘಟನೆ ನಂತರ ಹತ್ತು ಪ್ರಶ್ನೆಗೆ ನನ್ನದೇ ಎರಡು ಸೇರಿಸಿಕೊಂಡೆ. ಹೋದ ಶ್ರಾವಣದಲ್ಲಿ ಬಿಟ್ಟಿದ್ದಿರಾ? ಬಿಟ್ಟಾಗ ಮೊದಲ ಮೂರು ದಿನ ಹೇಗಿತ್ತು?

ಇವುಗಳಿಂದ ಸಿಗುವ ಉತ್ತರ ನೋಡಿ. "ಏನೂ ಆಗಲಿಲ್ರಿ, ತಿಂಗಳು ಆರಾಮ ಇದ್ದೆ" ಅಂದವರ ದೇಹ ಇನ್ನೂ ಅವರ ಕೈಯಲ್ಲಿದೆ. "ಎರಡು ದಿನ ನಿದ್ದಿ ಬರಲಿಲ್ಲ, ಮೈ ನಡುಗಿತು" ಅಂದವರನ್ನು ಡಾಕ್ಟರಿಗೆ ತೋರಿಸದೆ ಬಿಡಲು ಹೇಳಬಾರದು. ಮೂರನೇ ಥರದ ಉತ್ತರವೊಂದಿದೆ. "ಮೊದಲೆಲ್ಲ ತಿಂಗಳು ಪೂರ್ತಿ ಬಿಡ್ತಿದ್ದೆ. ಹೋದ ವರ್ಷ ಸೋಮವಾರ ಅಷ್ಟೇ. ಈ ವರ್ಷ ಸೋಮವಾರಾನೂ ಸಂಜಿ ತಡಕೋಳಾಕ ಆಗಲಿಲ್ಲ." ಆಡಿಟ್ ಒಂದು ವರ್ಷದ ಕುಡಿತವನ್ನು ಅಳೆಯುತ್ತದೆ. ಈ ಒಂದು ಮಾತು ಮೂರು ವರ್ಷದ ಇಳಿಜಾರನ್ನು ತೋರಿಸಿತು. ಒಂದು ಸಲದ ಅಂಕಕ್ಕಿಂತ ಎರಡು ಅಂಕಗಳ ನಡುವಿನ ವ್ಯತ್ಯಾಸ ಮುಖ್ಯ ಅಂತ ನನಗೆ ಅನಿಸಿದ್ದು ಆಗಲೇ. ಈಗ ರಿಜಿಸ್ಟರಿನಲ್ಲಿ ಹೋದ ವರ್ಷದ ಅಂಕದ ಪಕ್ಕ ಈ ವರ್ಷದ್ದಕ್ಕೂ ಒಂದು ಕಾಲಂ ಎಳೆದಿದ್ದೇನೆ. 6 ಇದ್ದದ್ದು 13 ಆದವರನ್ನು, ಮೊದಲಿಂದಲೂ 14 ಇರುವವರಿಗಿಂತ ಮೊದಲು ಕರೆಯುತ್ತೇನೆ.

ಗುಳೆ ಹೋಗಿ ಬಂದವರದ್ದು ಹೀಗೆ ಏರುವುದು ಹೆಚ್ಚು. ಬೆಂಗಳೂರಿನ ಕಟ್ಟಡದ ಕೆಲಸ, ತಗಡಿನ ಶೆಡ್ಡು, ಹೇಳುವವರು ಕೇಳುವವರು ಇಲ್ಲ, ಕೈಯಲ್ಲಿ ವಾರದ ದುಡ್ಡು. ಅದಕ್ಕೆ ಯುಗಾದಿಗೆ ಊರಿಗೆ ಬಂದಾಗ ತಪ್ಪದೆ ಮತ್ತೆ ಕೇಳುತ್ತೇನೆ. ಹಾಗೇ ಸಾವು, ಸಾಲ, ಬೆಳೆ ಹಾಳಾಗಿದ್ದು, ಮಗಳ ಮದುವೆ ಮುರಿದದ್ದು, ಇಂಥದ್ದು ಆದ ಮನೆಯಲ್ಲಿ ವರ್ಷ ಕಾಯುವುದಿಲ್ಲ. ಬದುಕು ಸಾಕಾಗಿದೆ ಅನ್ನುವ ಮಾತು ಬಂದರೆ ಅಂಕ ಗಿಂಕ ಎಲ್ಲ ಬದಿಗೆ. ಅವರನ್ನು ಒಂಟಿ ಬಿಡದಂತೆ ಮನೆಯವರಿಗೆ ಹೇಳಿ, ಕೀಟನಾಶಕದ ಡಬ್ಬಿ ಬೇರೆ ಕಡೆ ಇಡಿಸಿ, ಅಲ್ಲೇ ಕೂತು 14416ಕ್ಕೆ ಫೋನ್ ಹಚ್ಚುತ್ತೇವೆ. ಟೆಲಿ ಮಾನಸ್, 2022ರಿಂದ ನಡೆಯುತ್ತಿದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಗುರುತಿಸಿದ ಮೇಲೆ ಏನು? 8ರಿಂದ 15ರವರಿಗೆ ನಾನೇ ಐದು ಹತ್ತು ನಿಮಿಷ ಮಾತಾಡುತ್ತೇನೆ. ಬುದ್ಧಿವಾದ ಹೇಳುವುದಿಲ್ಲ, ಅದನ್ನು ಅವರು ಮನೆಯಲ್ಲೇ ಸಾಕಷ್ಟು ಕೇಳಿರುತ್ತಾರೆ. ಅಂಕ ತೋರಿಸುತ್ತೇನೆ, ಬಿಪಿಗೂ ಇದಕ್ಕೂ ಇರುವ ನಂಟು ಹೇಳುತ್ತೇನೆ, ನೀವೇನು ಮಾಡಬಹುದು ಅನಿಸುತ್ತದೆ ಅಂತ ಕೇಳುತ್ತೇನೆ. ಇದು ಸುಮ್ನೆ ಹೋಗುವ ಮಾತಲ್ಲ. ಗೋವಾದಲ್ಲಿ ಡಾಕ್ಟರಲ್ಲದ, ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು 12ರಿಂದ 19 ಅಂಕದ ಗಂಡಸರ ಜೊತೆ ಕೆಲವೇ ಸಲ ಕೂತು ಮಾತಾಡಿದಾಗ ಫಲ ಸಿಕ್ಕಿತು. ಅದು 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನಮ್ಮ ಸೀಮೆಗೂ ಈ ವಿಷಯದಲ್ಲಿ ಹೆಮ್ಮೆ ಪಡುವಂಥದ್ದಿದೆ. ಮನಸ್ಸಿನ ಕಾಯಿಲೆಗೆ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆರೈಕೆ ಕೊಡಬಹುದು ಅಂತ 1980ರ ದಶಕದಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ್ದು ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದೇ ಆ ಬಳ್ಳಾರಿ ಮಾದರಿಯಿಂದ.

20 ಅಥವಾ ಹೆಚ್ಚು ಅಂಕ ಬಂದವರನ್ನು, ನಡುಕ ಅಥವಾ ಫಿಟ್ಸ್ ಇದ್ದವರನ್ನು ತಾಲೂಕು ಆಸ್ಪತ್ರೆಗೆ ಕಳಿಸುತ್ತೇನೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ಮನೋವೈದ್ಯರು ಅಲ್ಲಿ ಸಿಗುತ್ತಾರೆ. ಕಳಿಸುವುದು ಸುಲಭ, ಹೋಗುವಂತೆ ಮಾಡುವುದು ಕಷ್ಟ. ಒಂದು ದಿನದ ಕೂಲಿ ಹೋಗುತ್ತದೆ, ಮೇಲೆ "ಹುಚ್ಚರ ಡಾಕ್ಟರ್" ಎಂಬ ಮಾತು. ಏಮ್ಸ್ ಸಮೀಕ್ಷೆಯಲ್ಲಿ ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು. ಅದು ನನ್ನ ಅನುಭವಕ್ಕೆ ತದ್ವಿರುದ್ಧವಾಗೇನೂ ಇಲ್ಲ.

ಹೆಂಡತಿಯರು ನನ್ನ ಹತ್ತಿರ ಬಂದು ಕೇಳುವುದು ಒಂದೇ. "ಗೊತ್ತಾಗದಂಗ ಊಟದಾಗ ಹಾಕೋ ಪುಡಿ ಕೊಡ್ರಿ." ಅವರ ನೋವು ನನಗೆ ಅರ್ಥವಾಗುತ್ತದೆ. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಹೆಂಗಸರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. ಆದರೂ ಪುಡಿ ಬೇಡ ಅಂತ ಕೈ ಹಿಡಿದು ಹೇಳುತ್ತೇನೆ. ಅಂಥ ಪುಡಿಯಲ್ಲಿ ಡೈಸಲ್ಫಿರಾಮ್ ಇದ್ದರೆ, ಅದನ್ನು ತಿಂದದ್ದು ಗೊತ್ತಿಲ್ಲದೆ ಅವನು ಕುಡಿದರೆ, ವಾಂತಿ, ಎದೆ ಬಡಿತ, ಬಿಪಿ ಕುಸಿತ ಆಗುತ್ತದೆ. ಜೀವ ಹೋಗಲೂಬಹುದು. ಅವನಿಗೆ ತಿಳಿಸಿ, ಒಪ್ಪಿಸಿ, ವೈದ್ಯರು ಕೊಟ್ಟರೆ ಮಾತ್ರ ಅದು ಔಷಧ. ನಾಲ್‌ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್ ಅಂತ ಬೇರೆ ಮಾತ್ರೆಗಳೂ ಇವೆ, ಅವನ್ನೂ ವೈದ್ಯರೇ ನಿರ್ಧರಿಸಬೇಕು.

ಗಿರಣಿಯ ಹಮಾಲಿಗೆ ಮುಂದೇನಾಯಿತು ಹೇಳುತ್ತೇನೆ. ಮಂಗಳವಾರ ಹೋಗಿ ಮನೋವೈದ್ಯರನ್ನು ಕಂಡರು. ನಡುಕಕ್ಕೆ ಔಷಧ ಕೊಟ್ಟರು, ಆಮೇಲೆ ನನ್ನ ಹತ್ತಿರ ಬಿಪಿ ನೆಪದಲ್ಲಿ ಬರುತ್ತಿದ್ದರು. ಪೂರ್ತಿ ಬಿಟ್ಟಿಲ್ಲ. ವರ್ಷ ಕಳೆದ ಮೇಲೆ ಕೇಳಿದಾಗ ಅಂಕ 12. ಮುಂಜಾನೆಯದು ನಿಂತಿದೆ. 19ರಿಂದ 12ಕ್ಕೆ ಇಳಿದದ್ದನ್ನು ರಿಜಿಸ್ಟರಿನಲ್ಲಿ ತೋರಿಸಿದೆ. "ಇನ್ನೂ ಇಳೀತದೇನ್ರಿ?" ಅಂದರು. ಇಳಿಯುತ್ತದೆ ಅಂದೆ.

ಈ ಸಲ ಆಷಾಢ ಶುರುವಾದಾಗಲೇ ಪಟ್ಟಿ ತೆಗೆದಿದ್ದೇನೆ. ಹೋದ ಶ್ರಾವಣದಲ್ಲಿ ನಡುಕ ಬಂದವರು, ಹಿಂದೆ ಫಿಟ್ಸ್ ಬಂದವರು, ಬೆಳಗ್ಗೆ ಬೇಕೇ ಬೇಕು ಅನ್ನುವವರು. ಅವರ ಮನೆಗೆಲ್ಲ ಹೋಗಿ, ಬಿಡುವ ಮನಸ್ಸಿದ್ದರೆ ಶ್ರಾವಣದ ಹಿಂದಿನ ಮಂಗಳವಾರವೇ ಆಸ್ಪತ್ರೆಗೆ ಬನ್ನಿ, ಔಷಧ ಶುರು ಮಾಡಿಸಿಕೊಂಡೇ ಬಿಡಿ ಅಂತ ಹೇಳಿ ಬರುತ್ತಿದ್ದೇನೆ. ಒಬ್ಬರು ಮಾತ್ರ ಬಾಗಿಲಲ್ಲೇ ನಿಲ್ಲಿಸಿ ಬೇಡ ಅಂದರು. ಅವರ ತಮ್ಮನ ಜೊತೆ ಮಾತಾಡಿದ್ದೇನೆ, ಟಂಟಂ ಆಟೋ ತಾನೇ ತರುತ್ತೇನೆ ಅಂದಿದ್ದಾನೆ.